ನೆನಪಿನಲ್ಲಿ ಪಾಲು

ಕಾರ್ಕಳದ ಗೊಮ್ಮಟನ ಬಗ್ಗೆ ನಮ್ಮ ಸೀಮೆಯಲ್ಲಿ ಎರಡು ಸಾಕ್ಷಿಗಳಿವೆ. ಒಂದು ಕಲ್ಲಿನ ಸಾಕ್ಷಿ, ಇನ್ನೊಂದು ಹಾಡಿನ ಸಾಕ್ಷಿ. ಬಂಡೆಗುಡ್ಡದ ನೆತ್ತಿಯಲ್ಲಿ ಸುಮಾರು 42 ಅಡಿ ಎತ್ತರಕ್ಕೆ ನಿಂತ ಆ ಮೂರ್ತಿಯನ್ನು 1432ರಲ್ಲಿ ವೀರಪಾಂಡ್ಯ ಎಂಬ ಅರಸ, ಗುರು ಲಲಿತಕೀರ್ತಿಯ ಮಾತಿನಂತೆ ಪ್ರತಿಷ್ಠೆ ಮಾಡಿಸಿದ ಎಂದು ಶಾಸನ ಹೇಳುತ್ತದೆ. ಅರಸನ ಹೆಸರಿದೆ. ಅವನ ತಂದೆಯ ಹೆಸರಿದೆ. ಗುರುವಿನ ಹೆಸರಿದೆ. ಉಳಿ ಹಿಡಿದವನ ಹೆಸರಿಲ್ಲ. ಆ ಹೆಸರನ್ನು ಕಾಪಾಡಿಕೊಂಡು ಬಂದದ್ದು ಪಾಡ್ದನ ಎಂಬ ತುಳುವಿನ ಕಥನ ಹಾಡು. ಬೀರ ಕಲ್ಕುಡ ಎಂಬ ಶಿಲ್ಪಿ ಗೊಮ್ಮಟನನ್ನು ಕಡೆದ. ಇಂಥದ್ದು ಇನ್ನೊಂದು ಊರಿನಲ್ಲಿ ಆಗಬಾರದೆಂದು ಅರಸ ಅವನ ಎಡಗೈ, ಬಲಗಾಲು ಕಡಿಸಿದ. ಅವನು ಆ ಸ್ಥಿತಿಯಲ್ಲೇ ವೇಣೂರಿಗೆ ಹೋಗಿ ಅಲ್ಲೂ ಒಂದು ಗೊಮ್ಮಟನನ್ನು ಕಡೆದ. ಮುಂದೆ ಅವನೂ ತಂಗಿ ಕಲ್ಲುರ್ಟಿಯೂ ಮಾಯಕವಾಗಿ ದೈವಗಳಾದರು, ಕಾರ್ಕಳದ ಅರಮನೆಯನ್ನು ಕಾಡಿ ಸೇಡು ತೀರಿಸಿಕೊಂಡರು. ಅರಸನ ವಂಶ ಅಳಿಯಿತು, ಅರಮನೆಯೂ ಹೋಯಿತು. ಕಲ್ಕುಡ, ಕಲ್ಲುರ್ಟಿಯರ ಗುಡಿಗಳಲ್ಲಿ ಮಾತ್ರ ಇಂದಿಗೂ ದೈವದ ಉತ್ಸವವಾದ ನೇಮ ನಡೆಯುತ್ತದೆ.

ಇವತ್ತಿನ ಮಾತು ಈ ಎರಡನೆಯ ಸಾಕ್ಷಿಯ ಬಗ್ಗೆ. ಒಂದು ಘಟನೆಯನ್ನು ಕಣ್ಣಾರೆ ಕಂಡವರು ಎಲ್ಲರೂ ತೀರಿಹೋದ ಮೇಲೆ ಅದರ ನೆನಪನ್ನು ಯಾರು ಹೊರುತ್ತಾರೆ? ಯಾಕೆ ಹೊರುತ್ತಾರೆ? 1925ರಲ್ಲಿ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರಿಸ್ ಹಾಲ್ಬ್‌ವಾಕ್ಸ್, ಮನುಷ್ಯ ಒಬ್ಬನೇ ಕುಳಿತು ನೆನಪು ಮಾಡಿಕೊಳ್ಳುವುದಿಲ್ಲ, ಅವನ ನೆನಪಿಗೆ ಅವನ ಗುಂಪೇ ಚೌಕಟ್ಟು ಎಂದು ವಾದಿಸಿದ. ಅದು ಸರಿಯಾದ ಮಾತು. ಆದರೆ ಗುಂಪು ಎಂದರೆ ಏನು ಎಂಬುದನ್ನು ತುಳುನಾಡಿನ ಒಂದು ನೇಮವನ್ನು ಕಂಡವರಿಗೆ ಇನ್ನೂ ಬಿಡಿಸಿ ಹೇಳಬಹುದು. ದೈವ ಕಟ್ಟುವವರು ನಲಿಕೆ, ಪಂಬದ ಅಥವಾ ಪರವ ಸಮುದಾಯದವರು. ಮುಖಕ್ಕೆ ಅರದಾಳ ಬಳಿದುಕೊಳ್ಳುತ್ತಿರುವ ಹೊತ್ತಿಗೆ ಅವರ ಮನೆಯ ಹೆಂಗಸು ತೆಂಬರೆ ಬಡಿಯುತ್ತ ಪಾಡ್ದನ ಹೇಳುತ್ತಾಳೆ. ದೀಟಿಗೆ, ಅಂದರೆ ಪಂಜು, ಹಿಡಿಯುವವರು ಒಬ್ಬರು. ನಾಗಸ್ವರ ನುಡಿಸುವವರು ಇನ್ನೊಬ್ಬರು. ಭಂಡಾರ ತರುವ ಮನೆ ಬೇರೆ, ಗಡಿ ಹಿಡಿದ ಮನೆ ಬೇರೆ. ಗಗ್ಗರ ಕಟ್ಟಿದ ಮೇಲೆ ದೈವ ಗುತ್ತು, ಬಾರಿಕೆ ಎಂಬ ಮನೆತನಗಳನ್ನು ಒಂದೊಂದಾಗಿ ಹೆಸರು ಹಿಡಿದು, ಕ್ರಮ ತಪ್ಪದೆ ಕರೆಯುತ್ತದೆ, ಬೂಳ್ಯ ಎಂಬ ಮರ್ಯಾದೆ ಕೊಡುತ್ತದೆ. ಒಂದು ಮನೆಯ ಹೆಸರು ಬಿಟ್ಟುಹೋದರೆ ಅಲ್ಲೇ ಮಾತು ಏಳುತ್ತದೆ. ಅಲ್ಲಿ ನೋಡುವುದಕ್ಕಷ್ಟೇ ಬಂದವರು ಕಡಿಮೆ. ಹೆಚ್ಚಿನವರಿಗೆ ಅಂದು ರಾತ್ರಿ ಮಾಡಲಿಕ್ಕೆ ಒಂದು ಕೆಲಸ ಇದೆ, ಪಡೆಯಲಿಕ್ಕೆ ಒಂದು ಮರ್ಯಾದೆ ಇದೆ. ನಾನು ಇಲ್ಲಿ ಮುಂದಿಡುವ ವಾದ ಇಷ್ಟು. ಜನರ ನೆನಪು ಉಳಿಯುವುದು ಅದರಲ್ಲಿ ಯಾರಿಗೆ ಪಾಲಿದೆಯೋ ಅವರ ಬಳಿ. ಮತ್ತು ಆ ಪಾಲು ಯಾರು ಯಾರ ನಡುವೆ ಹಂಚಿದೆ ಎಂಬುದರ ಮೇಲೆ ಆ ನೆನಪು ನೆರೆಹೊರೆಯನ್ನು ಕೂಡಿಸುತ್ತದೆಯೋ ಒಡೆಯುತ್ತದೆಯೋ ಎಂಬುದು ನಿಂತಿದೆ.

ಇದಕ್ಕೆ ಮೊದಲ ಆಕ್ಷೇಪ ತಕ್ಷಣವೇ ಬರುತ್ತದೆ. ಪಾಡ್ದನ ಹೇಳುವುದು ನಿಜವೇ? ಕಾರ್ಕಳದ ಗೊಮ್ಮಟ 1432ರದು. ವೇಣೂರಿನ ಗೊಮ್ಮಟನನ್ನು ಅಜಿಲ ಅರಸುಮನೆತನದ ತಿಮ್ಮಣ್ಣ ನಿಲ್ಲಿಸಿದ್ದು 1604ರಲ್ಲಿ. ನಡುವೆ 170 ವರ್ಷಕ್ಕೂ ಮಿಕ್ಕಿದ ಅಂತರ. ಎರಡು ಕೈ ಇದ್ದವನಿಗೂ ಅಷ್ಟು ಆಯುಸ್ಸು ಇಲ್ಲ. ಹಾಗಾದರೆ ಈ ಹಾಡನ್ನು ಚರಿತ್ರೆಯೆಂದು ಒಪ್ಪುವುದು ಹೇಗೆ? ಕಾಲದ ಲೆಕ್ಕಕ್ಕೆ ಒಪ್ಪಬೇಕಾಗಿಲ್ಲ. ಇಸವಿ ಬೇಕಾದರೆ ಶಾಸನದ ಬಳಿಗೇ ಹೋಗಬೇಕು. ಆದರೆ ಶಾಸನವೂ ಪೂರ್ತಿ ಸಾಕ್ಷಿಯಲ್ಲ, ಅದು ಮಾಡಿಸಿದವನ ಸಾಕ್ಷಿ. ಬಂಡೆಯನ್ನು ಸೀಳಿದವರು, ಗುಡ್ಡಕ್ಕೆ ಎಳೆದವರು, ಉಳಿಯ ಪೆಟ್ಟಿಗೆ ಕೈ ಕೊಟ್ಟವರು ಅದರಲ್ಲಿ ಇಲ್ಲ. ಪಾಡ್ದನ ಎರಡು ಕಾಲದ ಎರಡು ಕೆಲಸಗಳನ್ನು ಒಬ್ಬ ಶಿಲ್ಪಿಯ ಮೈಮೇಲೆ ತಂದು ನಿಲ್ಲಿಸಿದೆ. ಹಾಗೆ ಮಾಡಿ ಅದು ಒಂದು ದೂರನ್ನು ಉಳಿಸಿಕೊಂಡಿದೆ. ದುಡಿದವನಿಗೆ ಅರಮನೆ ಏನು ಕೊಟ್ಟಿತು ಎಂಬ ದೂರು ಅದು. ಈ ದೂರಿಗೆ ಪ್ರತಿ ವರ್ಷ ಒಂದು ರಾತ್ರಿ, ಊರಿನ ಗುತ್ತಿನವರನ್ನೂ ಎದುರು ನಿಲ್ಲಿಸಿ, ಬಾಯಿ ಕೊಟ್ಟಿದೆ. ನಾಟಿ ಗದ್ದೆಯಲ್ಲಿ ನೇಜಿ ನೆಡುತ್ತ ಹೆಂಗಸರು ಹಾಡಿದ್ದೂ ಇಂಥ ದೂರುಗಳನ್ನೇ. ಪಡುಮಲೆಯ ಅರಸ ಬಲ್ಲಾಳನೊಡನೆ ಅವಳಿ ವೀರರಾದ ಕೋಟಿ, ಚೆನ್ನಯರಿಗೆ ಬಂದ ಜಗಳ ಅವರ ಗುಡಿಗಳಾದ ಗರಡಿ ಗರಡಿಯಲ್ಲಿ ಉಳಿದದ್ದೂ ಹೀಗೆಯೇ. ಇಸವಿಯ ತಪ್ಪನ್ನು ತೋರಿಸಿ ಈ ಹಾಡುಗಳನ್ನು ಬದಿಗೆ ಸರಿಸಿದರೆ ನಮಗೆ ದಕ್ಕುವುದು ಅರಸರ ಪಟ್ಟಿ ಮಾತ್ರ.

ಈಗ, ನಮ್ಮಲ್ಲಿ ಹೀಗಿದ್ದ ಕಾಲಕ್ಕೆ ಯುರೋಪಿನಲ್ಲಿ ಏನಾಗುತ್ತಿತ್ತು ಎಂದು ಸ್ವಲ್ಪ ನೋಡೋಣ. ಹದಿನಾರನೆಯ ಶತಮಾನ ಅಲ್ಲಿ ಧರ್ಮ ಸುಧಾರಣೆಯ ಕಾಲ. ಹಳೆಯ ಕ್ಯಾಥೊಲಿಕ ಚರ್ಚಿನಿಂದ ಬೇರೆಯಾದ ಪ್ರಾಟೆಸ್ಟಂಟರಿಗೆ ಮೊದಲು ಎದುರಾದ ಪ್ರಶ್ನೆ ನೆನಪಿನದೇ. ಅಜ್ಜ ಮುತ್ತಜ್ಜಂದಿರು ದೀಪ ಹಚ್ಚಿದ ಸಂತರ ಮೂರ್ತಿಗಳನ್ನು ಏನು ಮಾಡುವುದು? 1529ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಪಟ್ಟಣದಲ್ಲಿ ಜನ ಚರ್ಚುಗಳಿಗೆ ನುಗ್ಗಿ ಆ ಮೂರ್ತಿಗಳನ್ನು ಒಡೆದರು, ಸುಟ್ಟರು. ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿ ನಾಲ್ಕೈದು ವರ್ಷಗಳಲ್ಲಿ ಮಠಗಳೆಲ್ಲವನ್ನೂ ಮುಚ್ಚಿಸಿದ. ಹಳೆಯ ನೆನಪು ತೆಗೆದ ಜಾಗದಲ್ಲಿ ಹೊಸ ನೆನಪನ್ನು ಇಡಬೇಕಾಯಿತು. 1605ರ ನವೆಂಬರ್ 5ರಂದು ಲಂಡನ್ನಿನಲ್ಲಿ ಪಾರ್ಲಿಮೆಂಟನ್ನು ಮದ್ದಿನಿಂದ ಉಡಾಯಿಸುವ ಕೆಲವು ಕ್ಯಾಥೊಲಿಕರ ಸಂಚು ಬಯಲಾಯಿತು. ಮರುವರ್ಷವೇ ಪಾರ್ಲಿಮೆಂಟು ಒಂದು ಕಾಯ್ದೆ ಮಾಡಿತು. ಪ್ರತಿ ವರ್ಷ ಆ ದಿನ ಎಲ್ಲರೂ ಚರ್ಚಿಗೆ ಬಂದು ದೇವರಿಗೆ ಕೃತಜ್ಞತೆ ಹೇಳಬೇಕು. ಆ ಕಾಯ್ದೆ ಸುಮಾರು 250 ವರ್ಷ ಜಾರಿಯಲ್ಲಿತ್ತು, ರದ್ದಾದದ್ದು 1859ರಲ್ಲಿ. ಬೆಂಕಿ ಹಾಕಿ ಪ್ರತಿಕೃತಿ ಸುಡುವ ರೂಢಿ ಕಾಯ್ದೆ ಹೋದ ಮೇಲೂ ಉಳಿದಿದೆ. ಜರ್ಮನ್ ನಾಡುಗಳಲ್ಲಿ 1617ರಲ್ಲಿ, ಸುಧಾರಣೆ ಶುರು ಮಾಡಿದ ಲೂಥರ್ ದನಿ ಎತ್ತಿ ನೂರು ವರ್ಷವಾಯಿತೆಂದು ದೊಡ್ಡ ಉತ್ಸವ ಮಾಡಿದರು. ಮರುವರ್ಷ ಅಲ್ಲಿ ಮೂವತ್ತು ವರ್ಷದ ಯುದ್ಧ ಹೊತ್ತಿಕೊಂಡಿತು. ಉತ್ಸವವೇ ಯುದ್ಧ ತಂದಿತೆಂದು ನಾನು ಹೇಳುವುದಿಲ್ಲ. ಎರಡೂ ಒಂದೇ ಗಾಳಿಯಲ್ಲಿ ಬೆಳೆದವು ಎಂದಷ್ಟೇ ಹೇಳುತ್ತೇನೆ.

ಫ್ರಾನ್ಸು ಬೇರೊಂದು ದಾರಿ ಹಿಡಿಯಿತು. ಅಲ್ಲಿ 1572ರಲ್ಲಿ ಪ್ಯಾರಿಸಿನ ಬೀದಿಯಲ್ಲಿ ಪ್ರಾಟೆಸ್ಟಂಟರ ಕಗ್ಗೊಲೆ ನಡೆದಿತ್ತು. 1598ರಲ್ಲಿ ರಾಜ ನಾಲ್ಕನೆಯ ಹೆನ್ರಿ ನಾಂಟ್ ಎಂಬಲ್ಲಿ ಒಂದು ಶಾಸನ ಹೊರಡಿಸಿದ. ಅದರ ಮೊದಲ ಕಲಮಿನ ತಾತ್ಪರ್ಯ ಹೀಗೆ: ಇಷ್ಟು ವರ್ಷ ನಡೆದದ್ದರ ನೆನಪು ಆರಿಹೋಗಬೇಕು, ಅದನ್ನು ಯಾರೂ ಎತ್ತಬಾರದು, ಅದರ ಮೇಲೆ ದಾವೆ ಹೂಡಬಾರದು. ಮರೆಯುವುದಕ್ಕೇ ಆಜ್ಞೆ! ರಕ್ತ ಹರಿದ ನಾಡಿಗೆ ಉಸಿರಾಡಲು ಅದು ಬೇಕಿತ್ತು, ಆ ರಾಜನ ಉದ್ದೇಶವನ್ನು ಗೌರವಿಸಲೇಬೇಕು. ಆದರೆ ಜನ ಮರೆಯಲಿಲ್ಲ. ತಮ್ಮ ತಮ್ಮ ಮನೆಯೊಳಗೆ, ತಮ್ಮ ತಮ್ಮ ಪ್ರಾರ್ಥನೆಯೊಳಗೆ ನೆನಪು ಇಟ್ಟುಕೊಂಡರು. 1685ರಲ್ಲಿ ಹದಿನಾಲ್ಕನೆಯ ಲೂಯಿ ಆ ಶಾಸನವನ್ನೇ ರದ್ದು ಮಾಡಿದ. ಸುಮಾರು ಎರಡು ಲಕ್ಷ ಪ್ರಾಟೆಸ್ಟಂಟರು ದೇಶ ಬಿಟ್ಟು ಹೋದರು. ನೆನೆಯಿರಿ ಎಂಬ ಆಜ್ಞೆ ಇಂಗ್ಲೆಂಡಿನಲ್ಲಿ, ಮರೆಯಿರಿ ಎಂಬ ಆಜ್ಞೆ ಫ್ರಾನ್ಸಿನಲ್ಲಿ. ಎರಡರಲ್ಲೂ ಒಂದು ಕೊರತೆ ಸಮಾನ. ಆ ನೆನಪಿನಲ್ಲಿ ಎದುರು ಬಣದವರಿಗೆ ಪಾಲು ಇರಲಿಲ್ಲ. ನವೆಂಬರ್ 5ರ ಬೆಂಕಿಯ ಬಳಿ ಕ್ಯಾಥೊಲಿಕ ನೆರೆಯವನಿಗೆ ಮಾಡಲು ಯಾವ ಕೆಲಸವೂ ಇರಲಿಲ್ಲ. ಬಾಗಿಲು ಹಾಕಿಕೊಂಡು ಒಳಗೆ ಇರುವುದೊಂದೇ ಅವನ ಕೆಲಸ.

ಇಲ್ಲಿ ಒಂದು ಮಾತು ಸೇರಿಸಿಯೇ ಮುಂದೆ ಹೋಗಬೇಕು. ಮೂರ್ತಿ ಒಡೆದ ಅದೇ ಬಾಸೆಲ್ ಪಟ್ಟಣದಿಂದ ಮುನ್ನೂರು ವರ್ಷದ ಬಳಿಕ, 1834ರಲ್ಲಿ, ಮಿಶನರಿಗಳು ಮಂಗಳೂರಿಗೆ ಬಂದರು. ಭೂತಾರಾಧನೆಯನ್ನು ಬಿಡಿಸುವುದು ಅವರ ಉದ್ದೇಶವಾಗಿತ್ತು. ಬಿಡಿಸಲಿಕ್ಕೆ ಮೊದಲು ತಿಳಿಯಬೇಕಲ್ಲ? ತಿಳಿಯಲಿಕ್ಕೆ ಹೊರಟು ಅವರು ಪಾಡ್ದನಗಳನ್ನು ಬರೆದುಕೊಂಡರು. 1886ರಲ್ಲಿ ಅಗಸ್ಟ್ ಮೆನ್ನರ್ ಎಂಬ ಮಿಶನರಿ ಪಾಡ್ದನಗಳ ಸಂಗ್ರಹವನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ಬರ್ನೆಲ್ ಸಂಗ್ರಹಿಸಿದ ಪಾಠಗಳು ಅವರು ತೀರಿಕೊಂಡ ಮೇಲೆ 1890ರ ದಶಕದಲ್ಲಿ ಇಂಗ್ಲಿಷಿನಲ್ಲಿ ಹೊರಬಂದವು. ಕಲ್ಕುಡನ ಕಥೆಯನ್ನು ಅಭ್ಯಾಸ ಮಾಡುವವರು ಇವತ್ತಿಗೂ ಆ ಪುಟಗಳಿಗೆ ಹೋಗುತ್ತಾರೆ. ಅವರ ಶ್ರಮಕ್ಕೆ ನಾವು ಋಣಿಗಳು. ಆದರೂ ಒಂದು ವ್ಯತ್ಯಾಸ ಕಾಣಿಸುತ್ತದೆ. ಅಚ್ಚಾದ ಪಾಡ್ದನ ಗ್ರಂಥಾಲಯದಲ್ಲಿ ಉಳಿಯಿತು. ಹಾಡಿದ ಪಾಡ್ದನ ಊರಿನಲ್ಲಿ ಉಳಿಯಿತು. ಪುಸ್ತಕ ಕಾಪಾಡಿದ್ದು ಮಾತುಗಳನ್ನು. ಆ ಮಾತಿಗೆ ಎದ್ದು ನಿಂತು ಕೈ ಮುಗಿಯುವ ಜನರನ್ನು ಕಾಪಾಡಿದ್ದು ನೇಮ.

ಇದುವರೆಗೆ ನೋಡಿದ್ದು ಎರಡು ವಿಷಯ. ನಮ್ಮಲ್ಲಿ ನೆನಪು ಕೆಲಸಕ್ಕೆ ಅಂಟಿಕೊಂಡಿತು. ಯುರೋಪಿನಲ್ಲಿ ಬಹಳ ಕಡೆ ಅದು ಬಣಕ್ಕೆ ಅಂಟಿಕೊಂಡಿತು. ಈಗ ಕಾಪುವಿಗೆ ಬರೋಣ. ಉಡುಪಿ ಸೀಮೆಯ ನಮ್ಮ ಎಲ್ಲೂರಿಗೆ ಅದು ನೆರೆಯೂರು. ಹೋಲಿಕೆಗೆಂದು ಮೊದಲು ಯುರೋಪಿನ ಒಂದು ಮಾತು: 1555ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಒಂದು ಒಪ್ಪಂದವಾಯಿತು. ಅರಸನ ಧರ್ಮ ಯಾವುದೋ ಪ್ರಜೆಯ ಧರ್ಮವೂ ಅದೇ, ಒಪ್ಪದವರು ಗಂಟುಮೂಟೆ ಕಟ್ಟಬಹುದು ಎಂಬುದು ಅದರ ಸಾರ. ಮರುವರ್ಷ, 1556ರಲ್ಲಿ, ಕಾಪುವಿನ ಮದ್ದ ಹೆಗ್ಗಡೆ ಅಲ್ಲಿನ ಧರ್ಮನಾಥ ಬಸದಿಗೆ ಭೂಮಿ ಬಿಟ್ಟು ತಾಮ್ರಶಾಸನ ಬರೆಸಿದ. ದಾನಶಾಸನದ ಕೊನೆಗೆ ಶಾಪ ಇರುವುದು ವಾಡಿಕೆ. ಈ ಶಾಸನದ ಶಾಪ ಮಾತ್ರ ನಿಂತು ಓದಬೇಕಾದದ್ದು. ಈ ಧರ್ಮವನ್ನು ಕೆಡಿಸಿದವನು ಜೈನನಾದರೆ ಬೆಳ್ಗೊಳದ ಗೊಮ್ಮಟನಂಥ ಬಿಂಬಗಳನ್ನು ಕೆಡಿಸಿದ ಪಾಪ ಅವನಿಗೆ. ಶೈವನಾದರೆ ಗೋಕರ್ಣದಂಥ ಕ್ಷೇತ್ರಗಳ ಲಿಂಗಗಳನ್ನು ಒಡೆದ ಪಾಪ. ವೈಷ್ಣವನಾದರೆ ತಿರುಮಲೆಯಂಥ ಕ್ಷೇತ್ರಗಳ ಮೂರ್ತಿಗಳನ್ನು ಒಡೆದ ಪಾಪ. ಬಸದಿ ಜೈನರದು. ಕಾಯುವ ಹೊಣೆಯನ್ನು ಮೂರೂ ಮತದವರ ಮೇಲೆ ಇಟ್ಟಿದೆ. ಅದೂ ಅವರವರ ಭಕ್ತಿಯ ಮೇಲೆ ಆಣೆ ಇಟ್ಟು. ನಿನ್ನ ದೇವರನ್ನು ಬಿಟ್ಟು ಬಾ ಎಂದು ಅದು ಯಾರಿಗೂ ಹೇಳುವುದಿಲ್ಲ. ನಿನಗೆ ನಿನ್ನ ಕ್ಷೇತ್ರದ ಮೇಲೆ ಇರುವ ಪ್ರೀತಿಯಿಂದಲೇ ಇದನ್ನೂ ಕಾಯಿ ಎನ್ನುತ್ತದೆ. ಆ ವರ್ಷಗಳಲ್ಲಿ ಯುರೋಪಿನ ಯಾವ ಒಪ್ಪಂದವೂ ಈ ದಾರಿಯಲ್ಲಿ ಯೋಚಿಸಿದ್ದನ್ನು ನಾನು ಕಂಡಿಲ್ಲ. ಕಾರ್ಕಳದಲ್ಲಿ ಚತುರ್ಮುಖ ಬಸದಿ ಎದ್ದದ್ದು ಮೂವತ್ತು ವರ್ಷದ ಬಳಿಕ, 1586ರಲ್ಲಿ. ಜೈನ ಅರಸರ ಆ ಪೇಟೆಯಲ್ಲೇ ಅನಂತಶಯನ ದೇವಸ್ಥಾನವೂ ಇದೆ, ಸಾರಸ್ವತರ ವೆಂಕಟರಮಣನೂ ಇದ್ದಾನೆ.

ಪಾಲು ಹಂಚುವ ಈ ಬುದ್ಧಿಗೆ ಇನ್ನೊಂದು ದೊಡ್ಡ ಉದಾಹರಣೆ ಉಡುಪಿಯದು. ಅಷ್ಟಮಠಗಳ ಪರ್ಯಾಯ ಮೊದಲು ಎರಡು ತಿಂಗಳಿಗೊಮ್ಮೆ ಇತ್ತು, ವಾದಿರಾಜರು ಅದನ್ನು ಎರಡು ವರ್ಷಕ್ಕೆ ತಂದರು, 1522ರಿಂದ ಆ ಕ್ರಮ ನಡೆದು ಬಂದಿದೆ ಎಂಬುದು ಮಠಗಳ ಪರಂಪರೆ. ಎಂಟು ಮಠ, ಎರಡೆರಡು ವರ್ಷ. ಹದಿನಾರು ವರ್ಷಕ್ಕೆ ಒಂದು ಸುತ್ತು. ಕೃಷ್ಣನ ಪೂಜೆ ಯಾವ ಒಂದು ಮಠದ ಸ್ವತ್ತೂ ಆಗಲಿಲ್ಲ. ಪರ್ಯಾಯಕ್ಕೆ ವರ್ಷದ ಮೊದಲೇ ಬಾಳೆ ಮುಹೂರ್ತ. ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಕಟ್ಟಿಗೆಯನ್ನು ರಥದ ಆಕಾರಕ್ಕೆ ಒಟ್ಟುವ ಕೈಗಳಿಗೆ ಅದರ ಲೆಕ್ಕ ಗೊತ್ತು. ಕಾಗದದಲ್ಲಿ ಬರೆದು ಕಲಿಯುವ ವಿದ್ಯೆ ಅದಲ್ಲ. ಊರೂರಿನಿಂದ ಹೊರೆಕಾಣಿಕೆ ಬರುತ್ತದೆ. ಅಕ್ಕಿ, ತೆಂಗಿನಕಾಯಿ, ತರಕಾರಿ ತುಂಬಿದ ಲಾರಿಗಳ ಸಾಲಿನಲ್ಲಿ ಕ್ರೈಸ್ತರ ಹೊರೆ, ಮುಸ್ಲಿಮರ ಹೊರೆ ಬಂದದ್ದೂ ಉಂಟು. ನಮ್ಮ ಎಲ್ಲೂರಿನ ವಿಶ್ವೇಶ್ವರನಿಗೆ ಸೀಯಾಳದ ಅಭಿಷೇಕ ಪ್ರಿಯ ಎಂಬ ನಂಬಿಕೆಯನ್ನೂ ಇದೇ ಬೆಳಕಿನಲ್ಲಿ ನೋಡಬಹುದು. ಹಿತ್ತಿಲಲ್ಲಿ ಒಂದು ತೆಂಗು ಇದ್ದವನಿಗೂ ಸೀಮೆಯ ದೇವರ ಸೇವೆಯಲ್ಲಿ ಪಾಲು ದೊರೆಯಿತು. ಸ್ವಲ್ಪ ತೆಂಕಕ್ಕೆ ಹೋದರೆ ಮೂಲ್ಕಿಯ ಬಪ್ಪನಾಡು. ಅಲ್ಲಿನ ದುರ್ಗೆಯ ಗುಡಿಯ ಕಥೆ ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿಯಿಂದ ಶುರುವಾಗುತ್ತದೆ. ಜಾತ್ರೆಯ ದಿನ ಅವನ ಮನೆತನಕ್ಕೆ ಪ್ರಸಾದ ಸಲ್ಲುತ್ತದೆ. ಕಡಲ ತಡಿಯ ಮೊಗವೀರರು ನಂಬುವ ಬೊಬ್ಬರ್ಯ ದೈವದ ತಂದೆ ಮುಸ್ಲಿಮ ಎಂದು ಪಾಡ್ದನವೇ ಹೇಳುತ್ತದೆ. ಕಾಪುವಿನ ಮಾರಿಗುಡಿಯಲ್ಲಿ ತಲೆಮಾರುಗಳಿಂದ ನಾಗಸ್ವರ ನುಡಿಸುತ್ತ ಬಂದದ್ದು ಒಂದು ಮುಸ್ಲಿಂ ಮನೆತನ. ಬಪ್ಪ ಬ್ಯಾರಿ ನಿಜವಾಗಿ ಇದ್ದನೇ ಎಂದು ದಾಖಲೆ ಕೇಳಿದರೆ ತೋರಿಸುವುದು ಕಷ್ಟ. ಪ್ರಸಾದ ಸಲ್ಲುವುದು ಮಾತ್ರ ಪ್ರತಿ ವರ್ಷವೂ ನಡೆಯುವ ಸಂಗತಿ. ಅದನ್ನು ಯಾರು ಬೇಕಾದರೂ ನೋಡಬಹುದು.

ಕೇಳುಗರೇ, ಇಷ್ಟು ಹೇಳಿದ ಮೇಲೆ ಕಷ್ಟದ ಭಾಗಕ್ಕೆ ಬರಬೇಕು. ಇದೆಲ್ಲ ಸಮಾಧಾನದ ಕಾಲದ ಮಾತಾಯಿತು. ನೋವಿನ ನೆನಪು ಏನಾಗುತ್ತದೆ? ಕರಾವಳಿಯ ಕ್ರೈಸ್ತರಿಗೆ ಅಂಥ ನೆನಪು 1784ರದು. ಫೆಬ್ರವರಿಯ ವಿಭೂತಿ ಬುಧವಾರ. ಮಂಗಳೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಸಂಶಯದಿಂದ ಟಿಪ್ಪು ಸುಲ್ತಾನ ಇಲ್ಲಿನ ಕ್ರೈಸ್ತರನ್ನು ಸೆರೆ ಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ಚರ್ಚುಗಳು ನೆಲಸಮವಾದವು. ಕಾರ್ಕಳದವರ ಚರ್ಚು ಕಟ್ಟಿ ಆಗ ಇಪ್ಪತ್ತೈದು ವರ್ಷವಾಗಿತ್ತಷ್ಟೆ, ಅದೂ ಹೋಯಿತು. ಸೆರೆಯಾದವರು 30 ಸಾವಿರ ಎನ್ನುವವರಿದ್ದಾರೆ, 80 ಸಾವಿರ ಎನ್ನುವವರೂ ಇದ್ದಾರೆ. ಸಂಖ್ಯೆಯ ಬಗ್ಗೆ, ಕಾರಣದ ಬಗ್ಗೆ ಚರಿತ್ರಕಾರರ ಜಗಳ ಮುಗಿದಿಲ್ಲ. ಆದರೆ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮರಳಿ ಬಂದವರು ಹೋದವರ ಒಂದು ಸಣ್ಣ ಪಾಲು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಇಷ್ಟು ದೊಡ್ಡ ಗಾಯ ಯುರೋಪಿನ ನವೆಂಬರ್ 5ರಂತೆ ನೆರೆಯವರ ಮೇಲಿನ ವಾರ್ಷಿಕ ದ್ವೇಷವಾಗಿ ನಿಲ್ಲಬಹುದಿತ್ತು. ಹಾಗೆ ಆಗದೆ ಇದ್ದುದಕ್ಕೆ ಕಾರಣ ಹುಡುಕಬೇಕು. ಒಂದು ಕಾರಣ, ಆ ನೆನಪಿನ ಒಳಗೇ ನೆರೆಯವರಿಗೂ ಜಾಗ ಇದ್ದದ್ದು. ಮೂಡುಬಿದಿರೆಯ ಬಳಿಯ ಹೊಸ್ಪೆಟ್ ಚರ್ಚು ಉಳಿದದ್ದು ಚೌಟ ಅರಸನ ಕೋರಿಕೆಯಿಂದ ಎಂದು ಕ್ರೈಸ್ತರೇ ಹೇಳಿಕೊಂಡು ಬಂದರು. ಚೌಟರು ಜೈನರು. ಸೆರೆಯ ಕಥೆ ಹೇಳುವ ಬಾಯಿಯೇ ಕಾಪಾಡಿದವನ ಕಥೆಯನ್ನೂ ಹೇಳಿತು.

ಇನ್ನೊಂದು ಕಾರಣ ಕಾರ್ಕಳದ ಬಳಿಯ ಅತ್ತೂರು. ಮರಳಿ ಬಂದವರು ಸಂತ ಲಾರೆನ್ಸನ ಮೂರ್ತಿಯನ್ನು ಹೊತ್ತು ಜಾಗ ಹುಡುಕುತ್ತ ನಡೆದರು, ಒಂದೆಡೆ ಇಳಿಸಿದ ಮೂರ್ತಿ ಮತ್ತೆ ಏಳಲಿಲ್ಲ, ಅಲ್ಲೇ ಚರ್ಚು ಕಟ್ಟಿದರು ಎಂಬುದು ಐತಿಹ್ಯ. ನಮ್ಮ ಎಷ್ಟೋ ದೇವಸ್ಥಾನಗಳ ಸ್ಥಳಪುರಾಣದಲ್ಲಿ ಇದೇ ನಡೆ ಇದೆ. ಕಲ್ಲು ಏಳಲಿಲ್ಲ, ದೇವರು ಇಲ್ಲೇ ಎಂದಿತು. ಮೂರನೆಯ ಶತಮಾನದಲ್ಲಿ ರೋಮಿನಲ್ಲಿ ಪ್ರಾಣ ತೆತ್ತ ಸಂತನನ್ನು ಈ ಮಣ್ಣಿನ ಕಥೆ ಹೇಳುವ ರೀತಿಯಲ್ಲೇ ಈ ಮಣ್ಣಿಗೆ ಇಳಿಸಿಕೊಂಡರು. ಜನವರಿಯಲ್ಲಿ ಐದು ದಿನ ನಡೆಯುವ ಅತ್ತೂರು ಜಾತ್ರೆಗೆ, ಸಾಂತ್‌ಮಾರಿಗೆ, ಯಾರು ಹೋಗುವುದಿಲ್ಲ? ಹರಕೆ ಹೊತ್ತ ಬಂಟರು, ಬಿಲ್ಲವರು, ಮೊಗವೀರರು ಮೊಂಬತ್ತಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಪುಷ್ಕರಿಣಿಯ ನೀರು ಪ್ರೋಕ್ಷಿಸಿಕೊಳ್ಳುತ್ತಾರೆ. 2016ರಲ್ಲಿ ಅದು ಬೆಸಿಲಿಕ ಆಯಿತು. ರೋಮಿನಿಂದ ಬಂದ ಆ ಗೌರವವನ್ನು ಸಂಭ್ರಮಿಸಿದವರಲ್ಲಿ ಕ್ರೈಸ್ತರಲ್ಲದವರೂ ಇದ್ದರು. ಅತ್ತೂರಿನಲ್ಲಿ 1784 ಮರೆತುಹೋಗಿದೆ ಎಂದಲ್ಲ. ಅದರ ಮೇಲೆ ಎದ್ದ ಕಟ್ಟಡದಲ್ಲಿ ಎಲ್ಲರ ಹರಕೆಯೂ ಸೇರಿದೆ. ನೋವಿನ ನೆನಪಿಗೆ ಹೀಗೆ ಒಂದು ತೆರೆದ ಬಾಗಿಲು ಸಿಕ್ಕಿದರೆ ಅದು ಕೊಳೆಯುವುದಿಲ್ಲ.

ಈಗ ಎರಡನೆಯ ಆಕ್ಷೇಪ. ಇದು ಮೊದಲನೆಯದಕ್ಕಿಂತ ಭಾರವಾದದ್ದು. ನೀವು ಪಾಲು, ಪಾಲು ಎನ್ನುತ್ತೀರಿ, ಆ ಪಾಲನ್ನು ಹಂಚಿದವರು ಯಾರು? ದೀಟಿಗೆ ಹಿಡಿಯುವುದನ್ನು, ದೈವ ಕಟ್ಟುವುದನ್ನು, ಡೋಲು ಬಡಿಯುವುದನ್ನು ಅವರವರು ಆರಿಸಿಕೊಂಡರೇ? ಇಲ್ಲ, ಜಾತಿ ಆರಿಸಿತು. ರಾತ್ರಿ ಯಾರ ಮೈಯಲ್ಲಿ ನಿಂತು ದೈವ ನುಡಿ ಕೊಟ್ಟಿತೋ, ಯಾರಿಗೆ ಗುತ್ತಿನ ಯಜಮಾನ ಕೈ ಮುಗಿದನೋ, ಬೆಳಗಾದ ಮೇಲೆ ಆ ಮನುಷ್ಯ ಅದೇ ಗುತ್ತಿನ ಅಂಗಳದ ಹೊರಗೆ ನಿಂತ. ಕೊರಗ ಸಮುದಾಯದವರ ವಿಷಯವಂತೂ ಹೇಳಲಿಕ್ಕೆ ನಾಲಗೆ ತಡೆಯುತ್ತದೆ. ಅಜಲು ಎಂಬ ಕಟ್ಟಳೆಯಲ್ಲಿ ಉಗುರು, ಕೂದಲು ಬೆರೆಸಿದ ಅನ್ನವನ್ನು ಅವರಿಗೆ ಉಣಿಸಿದರು. ಕಂಬಳದ ಕೆಸರಿನಲ್ಲಿ ಕೋಣಗಳಿಗಿಂತ ಮೊದಲು ಅವರನ್ನು ಓಡಿಸಿದರು. ಊರಿನ ಕೇಡನ್ನು ಅವರ ಮೈಮೇಲೆ ಇಳಿಸುವುದೇ ಅದರ ಉದ್ದೇಶ. ಅದೂ ಒಂದು ಪಾಲೇ ಎಂದು ಕರೆದುಕೊಂಡರು. 2000ದಲ್ಲಿ ಕರ್ನಾಟಕ ಸರಕಾರ ಕಾಯ್ದೆ ತಂದು ಅಜಲು ಪದ್ಧತಿಯನ್ನು ನಿಷೇಧಿಸಬೇಕಾಯಿತು. ಇಂಗ್ಲೆಂಡಿನಲ್ಲಿ ನೆನಪನ್ನು ಹೇರಲು ಕಾಯ್ದೆ ಬಂತು. ನಮ್ಮಲ್ಲಿ ನೆನಪಿನ ಹೆಸರಿನ ಹಿಂಸೆಯನ್ನು ನಿಲ್ಲಿಸಲು ಕಾಯ್ದೆ ಬೇಕಾಯಿತು. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಪಾಲು ಇದ್ದರೆ ಸಾಲದು. ಅದನ್ನು ಬೇಡ ಎನ್ನುವ ಸ್ವಾತಂತ್ರ್ಯವೂ ಇರಬೇಕು. ಬೇಡ ಎನ್ನಲಾಗದ ಪಾಲು ಸಂಕೋಲೆ.

ಆದರೆ ಇದರಿಂದ ಪಾಲಿನ ವಾದವೇ ಬಿದ್ದುಹೋಗುತ್ತದೆಯೇ? ನನಗೆ ಹಾಗನಿಸುವುದಿಲ್ಲ. ಏಕೆಂದರೆ ಪಾಲನ್ನು ಮತ್ತೆ ಹಂಚಿದ್ದನ್ನೂ ಈ ನೆಲ ನೋಡಿದೆ. 1974ರ ಭೂಸುಧಾರಣೆಯ ಬಳಿಕ ಗೇಣಿಯ ಕಟ್ಟು ಬಿಚ್ಚಿತು. ಅದುವರೆಗೆ ನೇಮದ ಖರ್ಚು, ಅಧಿಕಾರ ಎರಡೂ ಗುತ್ತಿನ ಗದ್ದೆಗಳ ಮೇಲೆ ನಿಂತಿತ್ತು. ಗದ್ದೆ ಒಕ್ಕಲಿಗೆ ಬಂತು. ಇನ್ನು ನೇಮ ನಿಂತೇ ಹೋಗುತ್ತದೆ ಎಂದುಕೊಂಡವರಿದ್ದರು. ನಿಲ್ಲಲಿಲ್ಲ. ಸಮಿತಿಗಳಾದವು, ರಶೀದಿ ಪುಸ್ತಕಗಳು ಬಂದವು, ಹಿಂದೆ ಹೊರಗೆ ನಿಲ್ಲುತ್ತಿದ್ದ ಮನೆಗಳವರು ಜೀರ್ಣೋದ್ಧಾರ ಸಮಿತಿಯಲ್ಲಿ ಕುಳಿತರು. ಮುಂಬಯಿಯ ಹೋಟೆಲುಗಳಲ್ಲಿ ದುಡಿದವರ ಹಣದಲ್ಲಿ ಗರಡಿಗಳು ಎದ್ದವು. ಹಂಚಿಕೆ ಬದಲಾಯಿತು, ನೆನಪು ಉಳಿಯಿತು. ಹಾಗೆಂದು ಯುರೋಪಿನವರಿಗೆ ಹಂಚಿಕೊಳ್ಳಲು ಬರಲೇ ಇಲ್ಲ ಎಂದೂ ನಾನು ಹೇಳಲಾರೆ. ಜರ್ಮನಿಯ ಬಿಬರಾಖ್ ಪಟ್ಟಣದ ಸಂತ ಮಾರ್ಟಿನ್ ಚರ್ಚನ್ನು ಕ್ಯಾಥೊಲಿಕರೂ ಪ್ರಾಟೆಸ್ಟಂಟರೂ ಹದಿನಾರನೆಯ ಶತಮಾನದಿಂದಲೂ ಹೊತ್ತು ಗೊತ್ತು ಮಾಡಿಕೊಂಡು ಒಟ್ಟಿಗೆ ಬಳಸುತ್ತಿದ್ದಾರೆ. ಒಂದೇ ಮಾಡು, ಎರಡು ಪೂಜೆ. ಅಲ್ಲೂ ಉಳಿಸಿದ್ದು ಸರದಿಯ ಲೆಕ್ಕವೇ.

ಪಾಲನ್ನು ಕಿತ್ತುಕೊಂಡರೆ ಏನಾಗುತ್ತದೆ ಎಂಬುದನ್ನು ನೋಡಲು ದೂರ ಹೋಗಬೇಕಾಗಿಲ್ಲ. 2022ರ ಮಾರ್ಚಿನಲ್ಲಿ ಕಾಪುವಿನ ಸುಗ್ಗಿ ಮಾರಿಪೂಜೆಯ ಸಂತೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗವಿಲ್ಲ ಎಂಬ ಮಾತಾಯಿತು. ಆಮೇಲೆ ಅದು ಬೇರೆ ಜಾತ್ರೆಗಳಿಗೂ ಹಬ್ಬಿತು. ಅದಕ್ಕೆ ಹೇಳಿದ ಕಾರಣಗಳನ್ನೂ ಕೇಳಿದ್ದೇವೆ. ಮುಸ್ಲಿಮರು ಬಂದ್ ಮಾಡಿದರು, ಹಿಜಾಬ್ ಕುರಿತ ಕೋರ್ಟಿನ ತೀರ್ಪನ್ನು ಒಪ್ಪಲಿಲ್ಲ, ದೇವಸ್ಥಾನದ ಕಾನೂನಿನಲ್ಲಿ ಅವಕಾಶವಿಲ್ಲ ಎಂದೆಲ್ಲ ಹೇಳಿದರು. ಕಾನೂನಿನ ಮಾತನ್ನು ಕಾನೂನು ಬಲ್ಲವರು ನೋಡಿಕೊಳ್ಳಲಿ. ನೆನಪಿನ ಲೆಕ್ಕದಲ್ಲಿ ಇದು ನಷ್ಟ. ಮಾರಿಯ ಸಂತೆಯಲ್ಲಿ ಅಂಗಡಿ ಇಟ್ಟವನ ಮಗನಿಗೆ ಮಾರಿಪೂಜೆಯ ದಿನ ಯಾವುದು ಎಂದು ಗೊತ್ತಿರುತ್ತಿತ್ತು. ಅಂಗಡಿ ಇಲ್ಲವಾದರೆ ಆ ದಿನ ಅವನ ಪಂಚಾಂಗದಿಂದ ಹೋಗುತ್ತದೆ. ಅದರ ಬದಲಿಗೆ ಹೊರಗೆ ಹಾಕಿಸಿಕೊಂಡ ದಿನ ಎಂಬ ಇನ್ನೊಂದು ನೆನಪು ಬರುತ್ತದೆ. ಅದು ಮಾತ್ರ ತಲೆಮಾರಿನಿಂದ ತಲೆಮಾರಿಗೆ ದಾಟುತ್ತದೆ. ಅದೇ ಗುಡಿಯಲ್ಲಿ ಮುಸ್ಲಿಂ ಮನೆತನದ ನಾಗಸ್ವರ ಕೇಳುತ್ತಿದ್ದ ಕಿವಿಗಳು ನಮ್ಮವು ಎಂಬುದನ್ನು ಯೋಚಿಸಿದಾಗ ಸಂಕಟವಾಗುತ್ತದೆ.

ಎಲ್ಲೂರಿನಲ್ಲಿ ಪಾಲು ಕಳೆದುಹೋದದ್ದು ಬೇರೆ ರೀತಿ. ಇಲ್ಲಿ 1,200 ಮೆಗಾವಾಟಿನ ಕಲ್ಲಿದ್ದಲ ವಿದ್ಯುತ್ ಸ್ಥಾವರ ಬಂದಾಗ ಮನೆಗಳು ತೆರವಾದವು, ಗದ್ದೆಗಳು ಹೋದವು. ಪರಿಹಾರದ ಲೆಕ್ಕದಲ್ಲಿ ಸೆಂಟ್ಸ್ ಇತ್ತು, ಮರ ಇತ್ತು, ಬಾವಿ ಇತ್ತು. ಆ ಗದ್ದೆಗೆ ಅಂಟಿಕೊಂಡಿದ್ದ ಸೇವೆಯನ್ನು, ಭಂಡಾರ ಹೋಗುವ ದಾರಿಯನ್ನು, ಯಾವ ಮನೆಯಿಂದ ಏನು ಬರಬೇಕು ಎಂಬ ಕಟ್ಟಳೆಯನ್ನು ಯಾವ ಕಾಲಮಿನಲ್ಲಿ ಬರೆಯುವುದು? ಊರಿನಿಂದ ಎದ್ದು ಹೋದವರು ನೇಮಕ್ಕೆ ಕಾರಿನಲ್ಲಿ ಬರುತ್ತಾರೆ, ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ, ಹೊರಡುತ್ತಾರೆ. ಅವರ ಭಕ್ತಿಯಲ್ಲಿ ಕೊರತೆ ಇಲ್ಲ. ಅವರಿಗೆ ಕೆಲಸ ಇಲ್ಲ. ಮೊಬೈಲಿನಲ್ಲಿ ಇಡೀ ರಾತ್ರಿಯ ನೇಮ ತುಂಬಿಕೊಂಡಿದ್ದರೂ ತನ್ನ ಮನೆಯ ಬೂಳ್ಯ ಎಷ್ಟನೆಯದು ಎಂದು ಕೇಳಿದರೆ ಮಕ್ಕಳು ಹಿರಿಯರ ಮುಖ ನೋಡುತ್ತಾರೆ.

ಇಂಥಲ್ಲಿ ಮಾಡಬಹುದಾದ ಒಂದು ಕೆಲಸವನ್ನು ಹೇಳಿ ಮುಗಿಸುತ್ತೇನೆ. ಈಗ ಪ್ರತಿ ಬ್ರಹ್ಮಕಲಶಕ್ಕೂ ಒಂದು ಸ್ಮರಣ ಸಂಚಿಕೆ ಬರುತ್ತದೆ. ಅದರಲ್ಲಿ ದಾನಿಗಳ ಚಿತ್ರಗಳು, ಗಣ್ಯರ ಸಂದೇಶಗಳು, ಜಾಹೀರಾತುಗಳು ಇರುತ್ತವೆ. ಅದರಲ್ಲಿ ಹತ್ತು ಪುಟ ಬೇರೆ ಇಡಿ. ದೀಟಿಗೆ ಹಿಡಿಯುವವರು ಯಾರು, ಎಷ್ಟು ತಲೆಮಾರಿನಿಂದ ಹಿಡಿದಿದ್ದಾರೆ, ಅವರ ಮಕ್ಕಳಿಗೆ ಇದು ಬೇಕೋ ಬೇಡವೋ ಎಂದು ಅವರನ್ನೇ ಕೇಳಿ ಬರೆಯಿರಿ. ಪಾಡ್ದನ ಹೇಳುವ ಹೆಂಗಸರನ್ನು ಕೂರಿಸಿ, ಅವರ ಪಾಠವನ್ನು ಅವರ ಹೆಸರಿನಲ್ಲೇ ಅಚ್ಚು ಹಾಕಿ, ಸಂಭಾವನೆ ಕೊಡಿ. ಯಾವ ಕಟ್ಟಳೆಯನ್ನು ಊರು ಬಿಟ್ಟಿತು, ಯಾಕೆ ಬಿಟ್ಟಿತು, ಅದರಿಂದ ಯಾರಿಗೆ ನೋವಾಗಿತ್ತು ಎಂಬುದನ್ನೂ ಮುಚ್ಚಿಡದೆ ಸೇರಿಸಿ. ಸಂತೆಯಲ್ಲಿ ಬಳೆ ಮಾರುತ್ತಿದ್ದವರನ್ನು, ವಾದ್ಯದವರನ್ನು, ಹೊರೆಕಾಣಿಕೆ ತಂದ ಬೇರೆ ಮತದ ಮನೆಗಳನ್ನು ಹುಡುಕಿ ಮಾತನಾಡಿಸಿ. ಸಮಿತಿಯ ಹುಡುಗರು, ಹುಡುಗಿಯರು ಒಂದು ಮಳೆಗಾಲದಲ್ಲಿ ಮಾಡಿ ಮುಗಿಸಬಹುದಾದ ಕೆಲಸ ಇದು. ಹಿರಿಯರು ಇರುವಾಗಲೇ ಮಾಡಬೇಕಾದದ್ದು.